ಹಳೆಯ ಅಂಕಿ ಮರೆಯಾದ ಮೇಲೆಯೇ ಹೊಸದು: ಜಾವಾಸ್ಕ್ರಿಪ್ಟ್ ಪುಟದಲ್ಲಿ ಅನಿಮೇಶನ್‌ಗಳ ಸರದಿ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಮಂಡ್ಯ ಜಿಲ್ಲೆಯಲ್ಲಿ ಬೆಳಗಿನ ಮೊದಲ ಪ್ರಶ್ನೆ ಒಂದೇ: ಕಟ್ಟೆಯಲ್ಲಿ ನೀರು ಎಷ್ಟಾಯಿತು? ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೀರಿನ ಮಟ್ಟ 100 ಅಡಿ ದಾಟಿದರೆ ಅದೇ ಸುದ್ದಿ, ವಿ.ಸಿ. ನಾಲೆಗೆ ನೀರು ಬಿಟ್ಟರೆ ಇನ್ನೊಂದು ಸುದ್ದಿ. ಆದ್ದರಿಂದ ಈ ಪಾಠಕ್ಕೂ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದು ಸಣ್ಣ ಪುಟ. ಅದರಲ್ಲಿ ನೀರಿನ ಮಟ್ಟ, ಒಳಹರಿವು, ಹೊರಹರಿವು, ಮತ್ತು ಈ ಅಂಕಿಗಳು ಯಾವ ಹೊತ್ತಿನವು ಎಂದು ಹೇಳುವ ಒಂದು ಸಾಲು. ಹೊಸ ಮಾಹಿತಿ ಬಂದಾಗ ಹಳೆಯ ಅಂಕಿ ಮೆಲ್ಲಗೆ ಮಾಸಬೇಕು, ಜಾಗದಲ್ಲಿ ಹೊಸದು ಕೂರಬೇಕು, ಆಮೇಲೆ ಅದು ಮೆಲ್ಲಗೆ ಮೂಡಬೇಕು.

ಇದನ್ನು ಹೊಸಬರು ಬರೆಯುವ ರೀತಿ ಸಾಮಾನ್ಯವಾಗಿ ಮೂರು ಸಾಲಿನದು. ಮೊದಲ ಸಾಲು ‘ಮಾಸು’, ಎರಡನೆಯದು ‘ಅಂಕಿ ಬದಲಿಸು’, ಮೂರನೆಯದು ‘ಮೂಡು’. ಓದಲು ಸರಿಯಾಗಿಯೇ ಇದೆ. ಓಡಿಸಿದರೆ ಮಾತ್ರ 118.40 ಇದ್ದದ್ದು ಕಣ್ಣೆದುರೇ ಥಟ್ಟನೆ 118.95 ಆಗುತ್ತದೆ, ಆ ಹೊಸ ಅಂಕಿಯೇ ಮಾಸುತ್ತದೆ, ಮತ್ತೆ ಅದೇ ಮೂಡುತ್ತದೆ. ಹಳೆಯದು ಮಾಸಿದ್ದನ್ನು ಯಾರೂ ನೋಡಲೇ ಇಲ್ಲ.

ಮುಂದುವರಿಯುವ ಮುನ್ನ ಒಂದು ಸೂಚನೆ. ಆಜ್ಞೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಅವುಗಳ ಇಂಗ್ಲಿಷ್ ಕಾಗುಣಿತ ಬಳಸಿ. ನೀವಾಗಿ ಇಡುವ ಹೆಸರುಗಳಿಗೆ ಆ ಕಟ್ಟುಪಾಡಿಲ್ಲ. ಫಂಕ್ಷನ್‌ಗೆ ಕನ್ನಡ ಅಕ್ಷರಗಳಲ್ಲೇ ‘ಬದಲಿಸು’ ಎಂದು ಹೆಸರಿಟ್ಟರೂ ಬ್ರೌಸರ್ ತಕರಾರು ಮಾಡುವುದಿಲ್ಲ.

ತಪ್ಪು ಎಲ್ಲಿದೆ?

ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕುಳಿತ ಗುಮಾಸ್ತರು ಅರ್ಜಿ ತೆಗೆದುಕೊಂಡು, ಸ್ವೀಕೃತಿ ಚೀಟಿ ಹರಿದು ಕೊಟ್ಟು, ‘ಮುಂದಿನವರು ಬನ್ನಿ’ ಎನ್ನುತ್ತಾರೆ. ಅರ್ಜಿ ಒಳಗೆ ಹೋಯಿತು, ಆದರೆ ಕೆಲಸ ಆಗಿಲ್ಲ. ಜಾವಾಸ್ಕ್ರಿಪ್ಟ್ ಕೂಡ ಹಾಗೆಯೇ. ‘200 ಮಿಲಿಸೆಕೆಂಡ್‌ಗಳಲ್ಲಿ ಮಾಸು’ ಎಂಬ ಆಜ್ಞೆಯನ್ನು ಅದು ಬ್ರೌಸರ್‌ಗೆ ಒಪ್ಪಿಸಿ, ಆ ಕ್ಷಣವೇ ಮುಂದಿನ ಸಾಲಿಗೆ ಹೋಗುತ್ತದೆ. ಮೂರು ಸಾಲುಗಳೂ ಮುಗಿಯುವವರೆಗೆ ಪರದೆಯ ಮೇಲೆ ಒಂದು ಚುಕ್ಕೆಯೂ ಕದಲಿರುವುದಿಲ್ಲ. ಏಕೆಂದರೆ ಕೋಡ್ ಓಡುವ ದಾರಿಯೂ ಪುಟವನ್ನು ಚಿತ್ರಿಸುವ ದಾರಿಯೂ ಒಂದೇ. ಕೋಡ್ ಕೈಬಿಟ್ಟ ಮೇಲಷ್ಟೇ ಬ್ರೌಸರ್ ಚಿತ್ರ ಬಿಡಿಸಬಲ್ಲದು. ಸಾಮಾನ್ಯ ಪರದೆಯಲ್ಲಿ ಸೆಕೆಂಡಿಗೆ 60 ಬಾರಿ, ಅಂದರೆ ಸುಮಾರು 16.7 ಮಿಲಿಸೆಕೆಂಡ್‌ಗೊಮ್ಮೆ ಆ ಅವಕಾಶ ಬರುತ್ತದೆ.

ನಮಗೆ ಬೇಕಾದದ್ದು ‘ಕೆಲಸ ಮುಗಿಯಿತು’ ಎಂಬ ಸುದ್ದಿ. ಪ್ರಾಮಿಸ್ ಎಂಬುದು ಆ ಸ್ವೀಕೃತಿ ಚೀಟಿ. ಅವೇಟ್ ಎಂದರೆ ಚೀಟಿ ಹಿಡಿದು ಕಾಯುವುದು. ಹಾಗೆ ಕಾಯುವ ಫಂಕ್ಷನ್‌ಗೆ ಹಾಕುವ ಗುರುತೇ ಅಸಿಂಕ್. ಪ್ರಾಮಿಸ್ 2015ರ ಆವೃತ್ತಿಯಲ್ಲಿ ಭಾಷೆಯ ಭಾಗವಾಯಿತು, ಅಸಿಂಕ್ ಮತ್ತು ಅವೇಟ್ 2017ರಲ್ಲಿ ಬಂದವು. ಈಗ ಬಳಕೆಯಲ್ಲಿರುವ ಬ್ರೌಸರ್‌ಗಳಲ್ಲೆಲ್ಲ ಇವು ಇವೆ, ಹಿಂಜರಿಯಬೇಕಾಗಿಲ್ಲ.

ಮೊದಲ ಹೆಜ್ಜೆ: ಕೋಡ್‌ಗಿಂತ ಮುಂಚೆ ಕಾಗದ

ಯಾವುದು ಯಾವುದಕ್ಕೆ ಕಾಯಬೇಕು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ನಮ್ಮ ಪುಟಕ್ಕೆ ಅದು ಹೀಗಿರುತ್ತದೆ: ಸರ್ವರ್‌ನಿಂದ ಮಾಹಿತಿ ಬರಬೇಕು, ಆಮೇಲೆ ಹಳೆಯ ಅಂಕಿ ಮಾಸಬೇಕು, ಅದು ಪೂರ್ತಿ ಮಾಸಿದ ಮೇಲೆ ಬದಲಾಗಬೇಕು, ಬದಲಾದ ಮೇಲೆ ಮೂಡಬೇಕು.

ಇಲ್ಲಿ ಮೊದಲ ಎರಡರ ಕ್ರಮದ ಬಗ್ಗೆ ಭಿನ್ನಾಭಿಪ್ರಾಯವಿದೆ. ಮಾಹಿತಿ ಬರುವಷ್ಟರಲ್ಲಿ ಮಾಸುವುದೂ ಆಗಿಬಿಡಲಿ, ಸಮಯ ಉಳಿಯುತ್ತದೆ ಎಂದು ಎರಡನ್ನೂ ಒಟ್ಟಿಗೆ ಶುರು ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಳವಳ್ಳಿಯಾಚೆಯ ಯಾವುದೋ ಹಳ್ಳಿಯಲ್ಲಿ ನೆಟ್‌ವರ್ಕ್‌ನ ಒಂದೇ ಗೆರೆ ಇರುವ ಮೊಬೈಲ್‌ನಲ್ಲಿ ಅಂಕಿ ಮಾಸಿಹೋಗಿ, ಹೊಸದು ಬಾರದೆ, ಬರೀ ಖಾಲಿ ಜಾಗ ಉಳಿಯುತ್ತದೆ. ಮಾಹಿತಿ ಕೈಗೆ ಬಂದ ಮೇಲೆ ಮಾಸಲು ಹೊರಟರೆ, ನೆಟ್‌ವರ್ಕ್ ಕೈಕೊಟ್ಟರೂ ಹಳೆಯ ಅಂಕಿ, ಅದರ ಕೆಳಗೆ ಅದರ ಸಮಯ, ಎರಡೂ ಇದ್ದಲ್ಲೇ ಇರುತ್ತವೆ. 200 ಮಿಲಿಸೆಕೆಂಡ್ ಉಳಿತಾಯಕ್ಕಾಗಿ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಮಾಹಿತಿ ತರಲು ಫೆಚ್ ಬಳಸುವವರು ಒಂದು ಗಮನಿಸಬೇಕು: ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಅಥವಾ 500 (ಸರ್ವರ್‌ನಲ್ಲೇ ದೋಷ) ಎಂದು ಉತ್ತರಿಸಿದರೂ ಫೆಚ್ ಅದನ್ನು ಸೋಲು ಎಂದು ಎಣಿಸುವುದಿಲ್ಲ. ಉತ್ತರದ ‘ಓಕೆ’ ಗುಣವನ್ನು ನೀವೇ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ‘ಹೊಸ ಮಾಹಿತಿ ಸಿಗಲಿಲ್ಲ’ ಎಂದು ತೋರಿಸಿ ಅಲ್ಲಿಗೇ ನಿಲ್ಲಿಸಿ.

ಎರಡನೆಯ ಹೆಜ್ಜೆ: ಗಡಿಯಾರ ನೋಡಿ ಊಹಿಸುವುದನ್ನು ಬಿಡಿ

ಮಾಸಲು 200 ಮಿಲಿಸೆಕೆಂಡ್ ಹಿಡಿಯುತ್ತದಲ್ಲ, ‘ಇಷ್ಟು ಹೊತ್ತಿನ ಮೇಲೆ ಮಾಡು’ ಎನ್ನುವ ಸೆಟ್‌ಟೈಮ್‌ಔಟ್‌ಗೆ 200 ಎಂದು ಕೊಟ್ಟು ಆಮೇಲೆ ಅಂಕಿ ಬದಲಿಸಿದರಾಯಿತು ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಮೊದಲ ದಿನ ಕೆಲಸವನ್ನೂ ಮಾಡುತ್ತದೆ. ಆದರೆ ಒಂದೇ ಅವಧಿ ಈಗ ಎರಡು ಕಡೆ ದಾಖಲಾಗಿದೆ: ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ಒಮ್ಮೆ, ಜಾವಾಸ್ಕ್ರಿಪ್ಟ್‌ನಲ್ಲಿ ಒಮ್ಮೆ. ಆರು ತಿಂಗಳ ಮೇಲೆ ಯಾರೋ ವಿನ್ಯಾಸ ತಿದ್ದಿ ಅಲ್ಲಿ 350 ಮಾಡುತ್ತಾರೆ, ಇಲ್ಲಿ 200 ಹಾಗೇ ಇರುತ್ತದೆ. ಜೊತೆಗೆ, ಸೆಟ್‌ಟೈಮ್‌ಔಟ್ ಕೊಡುವುದು ‘ಕನಿಷ್ಠ ಇಷ್ಟು ಹೊತ್ತು’ ಎಂಬ ಭರವಸೆಯನ್ನೇ ಹೊರತು ‘ಸರಿಯಾಗಿ ಇಷ್ಟು ಹೊತ್ತು’ ಎಂಬುದನ್ನಲ್ಲ. ಬೇರೆ ಟ್ಯಾಬ್‌ಗೆ ಹೋದರೆ ಬ್ರೌಸರ್‌ಗಳು ಇಂಥ ಟೈಮರ್‌ಗಳನ್ನು ಸೆಕೆಂಡಿಗೊಮ್ಮೆ ಎಂಬಷ್ಟು ನಿಧಾನಗೊಳಿಸುತ್ತವೆ. ಮುಗಿದ ಸುದ್ದಿ ಸಿಗುವಾಗ ಊಹೆ ಏಕೆ?

ಮೂರನೆಯ ಹೆಜ್ಜೆ: ಒಂದು ಅಂಕಿಯನ್ನು ಸರಿಯಾಗಿ ಬದಲಿಸುವುದು

ಪುಟವನ್ನು ಕಟ್ಟುವ ಒಂದೊಂದು ತುಣುಕೂ ಒಂದು ಎಲಿಮೆಂಟ್. ಎಲ್ಲ ಎಲಿಮೆಂಟ್‌ಗಳಿಗೂ ಆನಿಮೇಟ್ ಎಂಬ ಮೆಥಡ್ (ಅದರದೇ ಫಂಕ್ಷನ್) ಇದೆ. ಅದನ್ನು ಕರೆದರೆ ಒಂದು ಅನಿಮೇಶನ್ ಆಬ್ಜೆಕ್ಟ್ ಸಿಗುತ್ತದೆ. ಅದರ ಫಿನಿಷ್ಡ್ ಎಂಬ ಗುಣವೇ ನಮಗೆ ಬೇಕಾದ ಪ್ರಾಮಿಸ್. ‘ಬದಲಿಸು’ ಎಂಬ ಅಸಿಂಕ್ ಫಂಕ್ಷನ್ ಬರೆಯಿರಿ. ಅದಕ್ಕೆ ಎಲಿಮೆಂಟ್ ಮತ್ತು ಹೊಸ ಪಠ್ಯ, ಇವೆರಡನ್ನು ಕೊಡಬೇಕು. ಒಳಗಿನ ಸಾಲುಗಳು ಈ ಕ್ರಮದಲ್ಲಿ:

1. ಎಲಿಮೆಂಟ್‌ನ ಆನಿಮೇಟ್ ಕರೆಯಿರಿ. ಒಪ್ಯಾಸಿಟಿಯ (ಎಷ್ಟು ಕಾಣಬೇಕೆಂಬ ಅಳತೆ: 0 ಎಂದರೆ ಮಾಯ, 1 ಎಂದರೆ ಪೂರ್ತಿ) ಕೊನೆಯ ಬೆಲೆ 0 ಎಂದಷ್ಟೇ ಕೊಡಿ, ಮೊದಲ ಬೆಲೆ ಕೊಡಬೇಡಿ. ಡ್ಯುರೇಶನ್ (ಅವಧಿ) 200, ಫಿಲ್ (ಚಲನೆಯ ಹೊರಗೂ ಅದರ ರೂಪ ಉಳಿಸುವ ಗುಣ) ‘ಫಾರ್ವರ್ಡ್ಸ್’.
2. ಅದರ ಫಿನಿಷ್ಡ್‌ಗೆ ಅವೇಟ್ ಹಾಕಿ.
3. ಎಲಿಮೆಂಟ್‌ನ ಟೆಕ್ಸ್ಟ್‌ಕಂಟೆಂಟ್‌ಗೆ ಹೊಸ ಪಠ್ಯ ಕೊಡಿ.
4. ಎಲಿಮೆಂಟ್‌ನ ಗೆಟ್‌ಅನಿಮೇಶನ್ಸ್ ಕೊಡುವ ಪಟ್ಟಿಯಲ್ಲಿರುವ ಪ್ರತಿಯೊಂದನ್ನೂ ಕ್ಯಾನ್ಸಲ್ ಮಾಡಿ.
5. ಕೂಡಲೇ ಒಪ್ಯಾಸಿಟಿ 0ಯಿಂದ 1ಕ್ಕೆ ಹೋಗುವ ಹೊಸ ಆನಿಮೇಟ್ ಕರೆದು, ಅದರ ಫಿನಿಷ್ಡ್‌ಗೂ ಅವೇಟ್ ಹಾಕಿ.

ನಾಲ್ಕನೆಯ ಸಾಲು ವಿಚಿತ್ರವಾಗಿ ಕಾಣಬಹುದು, ಆದರೆ ಇಲ್ಲಿ ಎಡವುವವರೇ ಹೆಚ್ಚು. ಫಿಲ್ ಇಲ್ಲದಿದ್ದರೆ ಅನಿಮೇಶನ್ ಮುಗಿದ ಕೂಡಲೇ ಎಲಿಮೆಂಟ್ ತನ್ನ ಮೂಲ ರೂಪಕ್ಕೆ ಮರಳುತ್ತದೆ. ಮಾಸಿದ ಹಳೆಯ ಅಂಕಿ ಒಮ್ಮೆ ಮಿಂಚಿ ಹೋಗುವ ಸಾಧ್ಯತೆ ಇರುತ್ತದೆ. ಅದಕ್ಕೆಂದು ಫಾರ್ವರ್ಡ್ಸ್ ಹಾಕಿದರೆ, ಮುಗಿದ ಅನಿಮೇಶನ್ ‘ಒಪ್ಯಾಸಿಟಿ 0’ ಎಂದು ಪಟ್ಟು ಹಿಡಿದು ಕುಳಿತೇ ಇರುತ್ತದೆ. ಮೂಡುವ ಅನಿಮೇಶನ್ ಅದರ ಮೇಲೆ ಕೂತಿರುವಷ್ಟು ಹೊತ್ತು ಎಲ್ಲ ಚೆನ್ನ. ಅದು ಮುಗಿದು ಎದ್ದೊಡನೆ ಕೆಳಗಿನ ಹಟಮಾರಿ ಮತ್ತೆ ಮೇಲೆ ಬರುತ್ತದೆ, ಅಂಕಿ ಮಾಯವಾಗುತ್ತದೆ. ಆದ್ದರಿಂದ ಹಳೆಯದನ್ನು ರದ್ದು ಮಾಡಲೇಬೇಕು. ಮೂರು, ನಾಲ್ಕು, ಐದನೆಯ ಸಾಲುಗಳ ನಡುವೆ ಯಾವ ಅವೇಟೂ ಇಲ್ಲದಿರುವುದರಿಂದ ಬ್ರೌಸರ್‌ಗೆ ನಡುವೆ ಚಿತ್ರ ಬಿಡಿಸಲು ಅವಕಾಶವಿಲ್ಲ. ಹಾಗಾಗಿ ಮಿಂಚುವುದೂ ಇಲ್ಲ.

ಇನ್ನರ್‌ಎಚ್‌ಟಿಎಂಎಲ್ ಬದಲು ಟೆಕ್ಸ್ಟ್‌ಕಂಟೆಂಟ್ ಹೇಳಿದ್ದು ಸುರಕ್ಷತೆಗಾಗಿ. ಹೊರಗಿನಿಂದ ಬಂದ ಪಠ್ಯದಲ್ಲಿ ಏನಿರುತ್ತದೋ ನಿಮಗೆ ಗೊತ್ತಿಲ್ಲ; ಅದನ್ನು ಎಚ್‌ಟಿಎಂಎಲ್ ಎಂದು ಬ್ರೌಸರ್ ಓದದಿರಲಿ.

ಅನಿಮೇಶನ್‌ಗೆ ಒಪ್ಯಾಸಿಟಿ ಮತ್ತು ಟ್ರಾನ್ಸ್‌ಫಾರ್ಮ್ (ಸರಿಸುವುದು, ತಿರುಗಿಸುವುದು) ಎರಡನ್ನೇ ನೆಚ್ಚಿಕೊಳ್ಳಿ. ಎತ್ತರ, ಅಗಲ ಬದಲಿಸಿದರೆ ಪ್ರತಿ ಚೌಕಟ್ಟಿಗೂ, ಅಂದರೆ ಪರದೆ ಬಿಡಿಸುವ ಪ್ರತಿ ಬಾರಿಗೂ, ಪುಟದ ಉಳಿದ ಭಾಗದ ಜಾಗವನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ, ಅಗ್ಗದ ಫೋನ್‌ಗಳು ಏದುಸಿರು ಬಿಡುತ್ತವೆ.

ಸಿಎಸ್‌ಎಸ್ ಟ್ರಾನ್ಸಿಶನ್ ಮೊದಲೇ ಇದ್ದರೆ

ಹಲವು ಪುಟಗಳಲ್ಲಿ ಚಲನೆಯೆಲ್ಲ ಟ್ರಾನ್ಸಿಶನ್ ಎಂಬ ಹೆಸರಿನಲ್ಲಿ ಸಿಎಸ್‌ಎಸ್‌ನಲ್ಲಿರುತ್ತದೆ; ಜಾವಾಸ್ಕ್ರಿಪ್ಟ್ ಬರೀ ಕ್ಲಾಸ್ (ರೂಪ ಸೂಚಿಸುವ ಹಣೆಪಟ್ಟಿ) ಸೇರಿಸುತ್ತದೆ, ತೆಗೆಯುತ್ತದೆ. ಆಗ ಟ್ರಾನ್ಸಿಶನ್‌ಎಂಡ್ ಎಂಬ ಈವೆಂಟ್‌ಗೆ (ಬ್ರೌಸರ್ ಕೊಡುವ ಸೂಚನೆಗೆ) ಕಾಯುವುದು ವಾಡಿಕೆ. ಆದರೆ ಅದು ಪ್ರತಿ ಗುಣಕ್ಕೊಮ್ಮೆ ಬರುತ್ತದೆ: ಒಪ್ಯಾಸಿಟಿಯೂ ಟ್ರಾನ್ಸ್‌ಫಾರ್ಮೂ ಬದಲಾದರೆ ಎರಡು ಸಲ. ಒಳಗಿನ ಎಲಿಮೆಂಟ್‌ಗಳ ಈವೆಂಟೂ ಮೇಲೇರಿ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬೆಲೆ ಮೊದಲೇ ಅಷ್ಟೇ ಇದ್ದರೆ ಅಥವಾ ನಡುವೆ ಡಿಸ್‌ಪ್ಲೇ ‘ನನ್’ ಆದರೆ ಅದು ಬರುವುದೇ ಇಲ್ಲ. ಆಗ ನಿಮ್ಮ ಕೋಡ್ ಬಾರದ ಬಸ್ಸಿಗೆ ಕಾಯುತ್ತ ನಿಲ್ಲುತ್ತದೆ.

ಇದಕ್ಕಿಂತ ಸಲೀಸಾದ ದಾರಿ ಇದೆ. ಕ್ಲಾಸ್ ಸೇರಿಸಿದ ಕೂಡಲೇ ಗೆಟ್‌ಅನಿಮೇಶನ್ಸ್ ಕರೆಯಿರಿ. ಸಿಎಸ್‌ಎಸ್ ಟ್ರಾನ್ಸಿಶನ್‌ಗಳೂ ಆ ಪಟ್ಟಿಯಲ್ಲಿರುತ್ತವೆ. ಅವೆಲ್ಲದರ ಫಿನಿಷ್ಡ್‌ಗಳನ್ನು ಪ್ರಾಮಿಸ್‌ನ ಆಲ್‌ಸೆಟಲ್ಡ್‌ಗೆ ಕೊಟ್ಟು ಅವೇಟ್ ಮಾಡಿ. ಏನೂ ಚಲಿಸುತ್ತಿಲ್ಲದಿದ್ದರೆ ಪಟ್ಟಿ ಖಾಲಿ ಇರುತ್ತದೆ, ಖಾಲಿ ಪಟ್ಟಿಯ ಅವೇಟ್ ಕೂಡಲೇ ಮುಗಿಯುತ್ತದೆ.

ಹೊಸದಾಗಿ ಸೃಷ್ಟಿಸಿದ ಎಲಿಮೆಂಟನ್ನು ಪುಟಕ್ಕೆ ಸೇರಿಸಿ, ಅದೇ ಉಸಿರಿನಲ್ಲಿ ಕ್ಲಾಸ್ ಸೇರಿಸಿದರೆ ಟ್ರಾನ್ಸಿಶನ್ ಆಗುವುದಿಲ್ಲ. ಬ್ರೌಸರ್ ಅದರ ‘ಮೊದಲಿನ’ ರೂಪವನ್ನು ಲೆಕ್ಕ ಹಾಕಿಯೇ ಇರುವುದಿಲ್ಲ. ಸೇರಿಸಿದ ಮೇಲೆ ಅದರ ಆಫ್‌ಸೆಟ್‌ಹೈಟ್ ಅನ್ನು ಒಮ್ಮೆ ಓದಿ. ಓದಿದ ಬೆಲೆ ನಿಮಗೆ ಬೇಡ, ಲೆಕ್ಕ ಹಾಕಿಸುವುದಷ್ಟೇ ಉದ್ದೇಶ. ಆಮೇಲೆ ಕ್ಲಾಸ್ ಸೇರಿಸಿ.

ಜೆಕ್ವೆರಿ ಎಂಬ ಸಿದ್ಧ ಕೋಡ್ ಸಂಗ್ರಹ ಬಳಸಿ ಕಟ್ಟಿದ ಹಳೆಯ ಪುಟ ನಿಮ್ಮ ಪಾಲಿಗೆ ಬಂದಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಫೇಡ್‌ಔಟ್‌ಗೆ ಕಾಲ್‌ಬ್ಯಾಕ್ (ಮುಗಿದ ಮೇಲೆ ಓಡಬೇಕಾದ ಫಂಕ್ಷನ್) ಕೊಟ್ಟು ಅದರೊಳಗೆ ಅಂಕಿ ಬದಲಿಸಿ, ಅಲ್ಲಿಂದಲೇ ಫೇಡ್‌ಇನ್ ಕರೆಯಿರಿ. ಮೂರು ಎಲಿಮೆಂಟ್‌ಗಳನ್ನು ಒಟ್ಟಿಗೆ ಆರಿಸಿದ್ದರೆ ಕಾಲ್‌ಬ್ಯಾಕ್ ಮೂರು ಸಲ ಓಡುತ್ತದೆ ಎಂಬುದು ನೆನಪಿರಲಿ. ಒಂದೇ ಸಲ ಬೇಕಾದರೆ ಜೆಕ್ವೆರಿಯ ಪ್ರಾಮಿಸ್ ಮೆಥಡ್ ಬಳಸಿ.

ನಾಲ್ಕನೆಯ ಹೆಜ್ಜೆ: ಇಡೀ ಫಲಕ ಒಮ್ಮೆಗೇ

‘ಬದಲಿಸು’ ಫಂಕ್ಷನನ್ನು ಮಟ್ಟಕ್ಕೊಮ್ಮೆ, ಒಳಹರಿವಿಗೊಮ್ಮೆ, ಹೊರಹರಿವಿಗೊಮ್ಮೆ ಕರೆದು, ಪ್ರತಿಯೊಂದಕ್ಕೂ ಅವೇಟ್ ಹಾಕಿದರೆ ಅವು ಒಂದರ ಹಿಂದೆ ಒಂದು ಬದಲಾಗುತ್ತವೆ. ನೋಡಲು ಚೆಂದವೇ. ಆದರೆ ಆ ಒಂದು ಸೆಕೆಂಡಿನ ಹೊತ್ತು ಫಲಕದಲ್ಲಿ ಎಂಟು ಗಂಟೆಯ ಮಟ್ಟವೂ ಆರು ಗಂಟೆಯ ಹೊರಹರಿವೂ ಅಕ್ಕಪಕ್ಕ ಕೂತಿರುತ್ತವೆ. ನದಿಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂಬುದನ್ನು ನೋಡಿ ಶ್ರೀರಂಗಪಟ್ಟಣದ ಹೊಳೆದಂಡೆಯವರು ಪಂಪ್‌ಸೆಟ್ ಮೇಲೆತ್ತುತ್ತಾರೆ. ಒಂದೇ ಹೊತ್ತಿನ ಅಂಕಿಗಳು ಒಟ್ಟಿಗೇ ಬದಲಾಗಬೇಕು.

ಹಾಗಾಗಿ ಫಂಕ್ಷನನ್ನು ಫಲಕದ ಮಟ್ಟಕ್ಕೆ ಏರಿಸಿ. ಮೂರು ಅಂಕಿ, ಒಂದು ಸಮಯದ ಸಾಲು, ಹೀಗೆ ನಾಲ್ಕೂ ಎಲಿಮೆಂಟ್‌ಗಳ ಮಾಸುವಿಕೆಯನ್ನು ಅವೇಟ್ ಇಲ್ಲದೆ ಶುರು ಮಾಡಿ, ನಾಲ್ಕರ ಫಿನಿಷ್ಡ್‌ಗಳನ್ನೂ ಪ್ರಾಮಿಸ್‌ನ ಆಲ್‌ಗೆ ಕೊಟ್ಟು ಒಂದೇ ಅವೇಟ್ ಹಾಕಿ. ಅದು ಮುಗಿದ ಮೇಲೆ ನಾಲ್ಕೂ ಪಠ್ಯಗಳನ್ನು ಒಂದೇ ಓಟದಲ್ಲಿ ಬದಲಿಸಿ. ಒಂದರ ಹಿಂದೊಂದು ಮೂಡುವ ಸೊಬಗು ಬೇಕೇ ಬೇಕೆಂದರೆ ಮೂಡುವಾಗ ಮಾತ್ರ 60 ಮಿಲಿಸೆಕೆಂಡ್ ಅಂತರದ ಡಿಲೇ ಕೊಡಿ. ಜೊತೆಗೆ ಫಿಲ್ ‘ಬ್ಯಾಕ್‌ವರ್ಡ್ಸ್’ ಹಾಕಿ, ಇಲ್ಲದಿದ್ದರೆ ಸರದಿ ಬರುವ ಮುನ್ನವೇ ಅಂಕಿ ಕಾಣಿಸಿಕೊಂಡು, ಮರೆಯಾಗಿ, ಮತ್ತೆ ಮೂಡುತ್ತದೆ.

99.95 ಇದ್ದದ್ದು 100.05 ಆದಾಗ ಪಕ್ಕದ ‘ಅಡಿ’ ಎಂಬ ಪದ ಜಿಗಿಯುತ್ತದೆ. ಅಂಕಿಯ ಪೆಟ್ಟಿಗೆಗೆ ಸಿಎಸ್‌ಎಸ್‌ನಲ್ಲಿ ಆರು ಅಕ್ಷರಗಳಿಗೆ ಸಾಕಾಗುವ ಕನಿಷ್ಠ ಅಗಲ ಕೊಟ್ಟು, ಅಂಕಿಗಳನ್ನು ಬಲಕ್ಕೆ ಹೊಂದಿಸಿ.

ಐದನೆಯ ಹೆಜ್ಜೆ: ನಡುವೆ ಇನ್ನೊಂದು ಬಂದರೆ

ಓದುಗರು ‘ಹೊಸದಾಗಿ ನೋಡಿ’ ಗುಂಡಿಯನ್ನು ಒಂದೇ ಸಲ ಒತ್ತುತ್ತಾರೆ ಎಂದು ನಂಬಬೇಡಿ. ಎರಡು ಕೋರಿಕೆಗಳು ಹೋದಾಗ ಮೊದಲು ಹೋದದ್ದೇ ಮೊದಲು ಮರಳುತ್ತದೆ ಎಂಬ ನಿಯಮವೂ ಇಲ್ಲ. ಹಳೆಯ ಉತ್ತರ ತಡವಾಗಿ ಬಂದು ಹೊಸದರ ಮೇಲೆ ಕೂತರೆ, ಅನಿಮೇಶನ್ ಎಷ್ಟೇ ನಯವಾಗಿದ್ದರೂ ಫಲಕ ಸುಳ್ಳು ಹೇಳುತ್ತದೆ.

ಪರಿಹಾರಕ್ಕೆ ಒಂದು ಎಣಿಕೆ ಸಾಕು. ಫಂಕ್ಷನ್‌ನ ಹೊರಗೆ ‘ಸರದಿ’ ಎಂಬ ವೇರಿಯಬಲ್ ಇಟ್ಟು 0ಯಿಂದ ಶುರು ಮಾಡಿ. ಫಂಕ್ಷನ್ ಶುರುವಾದಾಗಲೆಲ್ಲ ಅದನ್ನು ಒಂದು ಹೆಚ್ಚಿಸಿ, ಆ ಬೆಲೆಯನ್ನು ‘ನನ್ನಸರದಿ’ ಎಂದು ಒಳಗೆ ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ಅವೇಟ್ ಆದ ಮೇಲೂ ಎರಡನ್ನೂ ಹೋಲಿಸಿ. ಬೇರೆಯಾಗಿದ್ದರೆ ತನ್ನ ನಂತರ ಇನ್ನೊಬ್ಬರು ಬಂದಿದ್ದಾರೆ ಎಂದರ್ಥ. ಏನೂ ಮುಟ್ಟದೆ ಹಿಂತಿರುಗಬೇಕು. ಪ್ರತಿ ಅವೇಟ್ ಎಂದರೆ ಪ್ರತಿಯೊಂದೂ: ಫೆಚ್ ಆದ ಮೇಲೆ, ಜೇಸನ್ (ಮಾಹಿತಿ ಬರುವ ಪಠ್ಯರೂಪ) ಓದಿದ ಮೇಲೆ, ಮಾಸಿದ ಮೇಲೆ. ಒಂದು ತಪ್ಪಿದರೂ ಕಳ್ಳದಾರಿ ತೆರೆದಂತೆಯೇ.

ಮಾಸುವಾಗ ಮೊದಲ ಬೆಲೆ ಕೊಡಬೇಡಿ ಎಂದದ್ದರ ಲಾಭ ಇಲ್ಲಿ ಕಾಣುತ್ತದೆ. ಹಿಂದಿನದು ಅರ್ಧ ಮೂಡಿರುವಾಗ ಹೊಸದು ಮಾಸಲು ಹೊರಟರೆ, ಬ್ರೌಸರ್ ಆ ಅರ್ಧದಿಂದಲೇ ಶುರು ಮಾಡುತ್ತದೆ. ಮೊದಲ ಬೆಲೆ 1 ಎಂದು ಕೊಟ್ಟಿದ್ದರೆ ಅಂಕಿ ಒಮ್ಮೆ ಪೂರ್ತಿ ಬೆಳಗಿ ಆಮೇಲೆ ಮಾಸುತ್ತಿತ್ತು. ಇನ್ನು, ಓಡುತ್ತಿರುವ ಅನಿಮೇಶನ್ ರದ್ದಾದರೆ ಅದರ ಫಿನಿಷ್ಡ್ ‘ಅಬಾರ್ಟ್‌ಎರರ್’ ಎಸೆಯುತ್ತದೆ. ಅದು ದೋಷವಲ್ಲ; ಹಿಡಿದು ಸುಮ್ಮನಾಗಿ. ಬೇರೆ ಹೆಸರಿನ ಎರರ್‌ಗಳನ್ನು ಮಾತ್ರ ನುಂಗಬೇಡಿ.

ಚಾಟ್ ಪುಟಕ್ಕೆ ಈ ಉಪಾಯ ಸಲ್ಲದು. ಅಲ್ಲಿ ಪ್ರತಿ ಸಂದೇಶವೂ ಕಾಣಬೇಕು, ಯಾವುದನ್ನೂ ಬಿಡುವಂತಿಲ್ಲ. ಅಂಥಲ್ಲಿ ಹಿಂದಿನ ಪ್ರಾಮಿಸ್‌ನ ‘ದೆನ್’ಗೆ ಮುಂದಿನ ಕೆಲಸವನ್ನು ಕಟ್ಟುತ್ತ ಸಾಲು ಬೆಳೆಸಿ. ಜಲಾಶಯದ ಮಟ್ಟಕ್ಕೆ ಕೊನೆಯದೊಂದೇ ಮುಖ್ಯ.

ಬೇಡವಾದ ಎರಡು ಅಲಂಕಾರಗಳು

ಅಂಕಿಯನ್ನು 0ಯಿಂದ 118.95ರವರೆಗೆ ಗಿರಗಿರನೆ ಎಣಿಸಿ ತೋರಿಸುವ ಚಟ ಬಹಳ ಪುಟಗಳಿಗಿದೆ. ಇಲ್ಲಿ ಖಂಡಿತ ಬೇಡ. ಆ ಎರಡು ಸೆಕೆಂಡುಗಳ ಪ್ರತಿ ಚೌಕಟ್ಟೂ ತಪ್ಪು ಮಾಹಿತಿ. ಯಾರೋ ನಡುವೆ ಸ್ಕ್ರೀನ್‌ಶಾಟ್ ತೆಗೆದರೆ ‘ಕಟ್ಟೆ 87 ಅಡಿಗೆ ಇಳಿದಿದೆ’ ಎಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಂಜೆಯವರೆಗೂ ಓಡಾಡುತ್ತದೆ.

ಇನ್ನೊಂದು, ಪಠ್ಯವನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದಂತೆ ತೋರಿಸುವುದು. ಇಂಗ್ಲಿಷ್‌ಗೆ ಬರೆದ ಆ ಕೋಡ್ ಕನ್ನಡದಲ್ಲಿ ಏನು ಮಾಡುತ್ತದೆಂದು ನೋಡಿ. ‘ಮಂಡ್ಯ’ ನಮಗೆ ಎರಡು ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ಐದು ಘಟಕ: ಮ, ಅನುಸ್ವಾರ, ಡ, ಹಲಂತ, ಯ. ಪರದೆಯ ಮೇಲೆ ಮೊದಲು ‘ಮ’, ಆಮೇಲೆ ‘ಮಂ’, ‘ಮಂಡ’, ‘ಮಂಡ್’, ಕೊನೆಗೆ ‘ಮಂಡ್ಯ’. ‘ಶ್ರೀರಂಗಪಟ್ಟಣ’ದ ಪಾಡಂತೂ ಕೇಳಬೇಡಿ. ಒತ್ತಕ್ಷರಗಳು ಒಡೆದು ಕುಣಿಯುತ್ತವೆ. ಮೂಡಿಸಲೇಬೇಕೆಂದಿದ್ದರೆ ಪದ ಪದವಾಗಿ ಮೂಡಿಸಿ. ಖಾಲಿ ಜಾಗದಲ್ಲಿ ಕತ್ತರಿಸಿದರೆ ಸಾಕು.

ಆರನೆಯ ಹೆಜ್ಜೆ: ಚಲನೆ ಬೇಡ ಎಂದವರಿಗೆ

ಕೆಲವರಿಗೆ ಪರದೆಯ ಚಲನೆಯಿಂದ ತಲೆ ಸುತ್ತುತ್ತದೆ. ಅವರು ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಚಲನೆ ಕಡಿಮೆ ಮಾಡಿಕೊಂಡಿರುತ್ತಾರೆ. ಮ್ಯಾಚ್‌ಮೀಡಿಯಾ ಮೂಲಕ ‘ಪ್ರಿಫರ್ಸ್ ರಿಡ್ಯೂಸ್ಡ್ ಮೋಶನ್’ ಕೇಳಿ, ಹೌದೆಂದರೆ ಡ್ಯುರೇಶನ್ 0 ಮಾಡಿ. ಬೇರೆ ಕೋಡ್ ಬರೆಯಬೇಕಾಗಿಲ್ಲ. ಪ್ರಾಮಿಸ್‌ಗಳು ಆಗಲೂ ಅದೇ ಕ್ರಮದಲ್ಲಿ ಮುಗಿಯುತ್ತವೆ. ಡಾಕ್ಯುಮೆಂಟ್‌ನ ‘ಹಿಡನ್’ ನಿಜವಾಗಿದ್ದರೆ, ಅಂದರೆ ಪುಟ ಬೇರೆ ಟ್ಯಾಬ್‌ನ ಹಿಂದೆ ಇದ್ದರೆ, ಅನಿಮೇಶನ್ ಬಿಟ್ಟು ನೇರವಾಗಿ ಪಠ್ಯ ಬದಲಿಸಿ. ಫಲಕದ ಹೊರಪೆಟ್ಟಿಗೆಗೆ ಏರಿಯಾ-ಲೈವ್ ‘ಪೊಲೈಟ್’ ಹಾಗೂ ಏರಿಯಾ-ಅಟಾಮಿಕ್ ‘ಟ್ರೂ’ ಹಾಕಿದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಇಡೀ ಫಲಕ ಒಟ್ಟಾಗಿ ಕೇಳಿಸುತ್ತದೆ.

ಇಡೀ ಪುಟದ ನೋಟವೇ ಬದಲಾಗುವಂತಿದ್ದರೆ, ಉದಾಹರಣೆಗೆ ಇಂದಿನ ಫಲಕದಿಂದ ಕಳೆದ ವರ್ಷದ ಪಟ್ಟಿಗೆ ಹೋಗುವಾಗ, ಡಾಕ್ಯುಮೆಂಟ್‌ನ ಸ್ಟಾರ್ಟ್‌ವ್ಯೂಟ್ರಾನ್ಸಿಶನ್ ಬಳಸಬಹುದು. ಬದಲಾವಣೆ ಮಾಡುವ ಫಂಕ್ಷನ್ ಕೊಟ್ಟರೆ ಹಳೆಯ ನೋಟದ ಚಿತ್ರ ಹಿಡಿದು, ಬದಲಾಯಿಸಿ, ಹೊಸದಕ್ಕೆ ಕರಗಿಸುವ ಸರದಿಯನ್ನು ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ. 2023ರಲ್ಲಿ ಕ್ರೋಮ್ 111ರಲ್ಲಿ, 2024ರಲ್ಲಿ ಸಫಾರಿ 18ರಲ್ಲಿ ಇದು ಬಂತು. ಆ ಮೆಥಡ್ ಇದೆಯೇ ಎಂದು ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಬದಲಾವಣೆಯನ್ನಷ್ಟೇ ಮಾಡಿ.

ಕೊನೆಯ ಹೆಜ್ಜೆ: ಪರೀಕ್ಷೆ

ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಅನಿಮೇಶನ್ಸ್ ಫಲಕ ತೆರೆದು ವೇಗವನ್ನು 10 ಪ್ರತಿಶತಕ್ಕೆ ಇಳಿಸಿ. 200 ಮಿಲಿಸೆಕೆಂಡ್ ಈಗ ಎರಡು ಸೆಕೆಂಡ್ ಆಗುತ್ತದೆ; ಹಳೆಯ ಅಂಕಿ ಪೂರ್ತಿ ಮಾಸುವ ಮುನ್ನ ಬದಲಾಗುತ್ತಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ನೆಟ್‌ವರ್ಕ್ ಫಲಕದಲ್ಲಿ ನಿಧಾನದ ಸಂಪರ್ಕ ಆರಿಸಿ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತಿ. ನಂತರ ಸಂಪರ್ಕವನ್ನೇ ಕಡಿದು ಇನ್ನೊಮ್ಮೆ ಒತ್ತಿ: ಹಳೆಯ ಅಂಕಿ ಅಲುಗಾಡದೆ ನಿಲ್ಲಬೇಕು, ‘ಹೊಸ ಮಾಹಿತಿ ಸಿಗಲಿಲ್ಲ’ ಎಂಬ ಸಾಲು ಬರಬೇಕು. ಮೂರು ಸಲ ಒತ್ತಿದಾಗ ಫಲಕದಲ್ಲಿ ನಿಂತದ್ದು ಮೂರನೆಯ ಕೋರಿಕೆಯ ಉತ್ತರವಲ್ಲದಿದ್ದರೆ, ಯಾವುದೋ ಒಂದು ಅವೇಟ್‌ನ ಕೆಳಗೆ ‘ನನ್ನಸರದಿ’ಯ ಹೋಲಿಕೆ ಬಿಟ್ಟುಹೋಗಿದೆ, ಹೆಚ್ಚಾಗಿ ಅದು ಜೇಸನ್ ಓದುವ ಸಾಲಿನ ಕೆಳಗೇ ಇರುತ್ತದೆ.